ಕೂಲರ್ ಮುಂದಿನ ಮೆಣಸಿನ ಗಿಡ

ನನ್ನ ಮುಖದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸುಮ್ಮನೆ ಕುಳಿತರೂ ಯಾರದೋ ಮಣ್ಣಿಗೆ ಹೋಗಿ ಬಂದವಳ ಹಾಗೆ ಕಾಣುತ್ತೇನಂತೆ. ಶಾಲೆಯ ಗುಂಪು ಫೋಟೋ ತೆಗೆಯುವಾಗ ಎಲ್ಲರಂತೆ ನಾನೂ ನಕ್ಕಿದ್ದೆ. ಫೋಟೋ ತೊಳೆದು ಬಂದ ಮೇಲೆ ಟೀಚರು ಅವ್ವನನ್ನು ಕರೆಸಿ, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದ್ದರು. ಈಗ ಬಳ್ಳಾರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೊದಲು ರಿಪೋರ್ಟ್ ಕೊಡುವ ಕಿಟಕಿಯಲ್ಲಿ ಕೂರಿಸಿದ್ದರು. ನನ್ನ ಮುಖ ನೋಡಿದ ಜನ ಲಕೋಟೆ ಬಿಚ್ಚುವ ಮೊದಲೇ ಗೋಡೆ ಹಿಡಿದುಕೊಳ್ಳುತ್ತಿದ್ದರು. ಸಕ್ಕರೆ ಸರಿಯಾಗಿಯೇ ಇದೆ ಎಂದರೆ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೀಯಾ ತಾಯಿ ಎನ್ನುತ್ತಿದ್ದರು. ತಿಂಗಳು ತುಂಬುವುದರೊಳಗೆ ನನ್ನನ್ನು ಒಳಕೋಣೆಗೆ ಕಳಿಸಿ, ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಸೀಸೆಗಳು ಹೆದರುವುದಿಲ್ಲ.

ಚೀಟಿ ಅಂಟಿಸುವುದು ನನ್ನ ಹುಟ್ಟುಗುಣವೂ ಹೌದು. ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ತಳಮಳ, ಕನಸು ಮುಂತಾದವು ಏನೂ ಇಲ್ಲ. ನಳದ ನೀರು ಬಂದ ತಾರೀಖು, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖು, ಕರೆಂಟು ಹೋದದ್ದು, ಬಂದದ್ದು. ಮೂರು ವರ್ಷದಿಂದ ಅದಕ್ಕೆ ಇನ್ನೊಂದು ಸಾಲು ಸೇರಿದೆ: ಅಪ್ಪ ಉಂಡದ್ದು ಎಷ್ಟು. ಈ ಸಾಲು ಬರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಅಪ್ಪ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಬಟ್ಟೆಯ ವಿಷಯದಲ್ಲಿ ಎಷ್ಟು ಬಿಗಿಯೋ ನಾಲಿಗೆಯ ವಿಷಯದಲ್ಲಿ ಅಷ್ಟೇ ಸಡಿಲ. ಸಂಜೆ ಮನೆಗೆ ಬರುವಾಗ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ; ತಿಂದಾದ ಮೇಲೆ ಊಟಕ್ಕೆ ಕುಳಿತು ಅವ್ವನ ಸಾರಿನ ವಿಚಾರಣೆ ನಡೆಸುತ್ತಿದ್ದ. ಹುಳಿ ಮುಂದಾಗಿದೆ, ಬೇಳೆ ಅರ್ಧ ಬೆಂದಿದೆ, ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಕಪ್ಪಾಗಿದೆ. ಅವ್ವ ತಿರುಗಿ ಬೈಯುತ್ತಿದ್ದಳು. ನಮ್ಮ ಮನೆಯ ದಾಂಪತ್ಯ ನಡೆದದ್ದೇ ಈ ಸಾರಿನ ಮೇಲೆ. ಆಮೇಲೆ ಊರಿಗೆಲ್ಲ ಬಂದ ಆ ಜ್ವರ ನಮ್ಮ ಮನೆಗೂ ಬಂತು. ಮೂವರ ಮೂಗೂ ಸತ್ತಿತು, ಜೊತೆಗೆ ರುಚಿಯೂ ಹೋಯಿತು. ನನ್ನದು, ಅವ್ವನದು ಎರಡು ವಾರಕ್ಕೆ ವಾಪಸು ಬಂದವು. ಅಪ್ಪನದು ಬರಲಿಲ್ಲ.

ಅಂದಿನಿಂದ ಅವನು ತಟ್ಟೆ ಮುಂದೆ ಕುಳಿತು ಅರ್ಧ ರೊಟ್ಟಿ ಮುರಿದು ಸಾಕು ಎನ್ನುತ್ತಾನೆ. ಒದ್ದೆ ರಟ್ಟು ಅಗಿದಂತಾಗುತ್ತದೆ ಎಂದು ಒಮ್ಮೆ ಹೇಳಿದ್ದ. ಮತ್ತೆ ಅದನ್ನೂ ಹೇಳಲಿಲ್ಲ. ಒಂದು ದಿನ ಅವ್ವ ಬೇಕಂತಲೇ ಸಾರಿಗೆ ಉಪ್ಪು ಹಾಕಲಿಲ್ಲ. ಅಪ್ಪ ಉಂಡು ಕೈ ತೊಳೆದ. ಅವ್ವ ಬಾಗಿಲಲ್ಲಿ ನಿಂತು, "ಹೆಂಗಿತ್ರಿ ಸಾರು?" ಎಂದಳು.

"ಇತ್ತು," ಎಂದ ಅಪ್ಪ.

ಅವ್ವ ಆ ಒಂದು ಶಬ್ದವನ್ನು ವಾರಗಟ್ಟಲೆ ಹೊತ್ತುಕೊಂಡು ತಿರುಗಿದಳು. ಅಪ್ಪ ಮಾತ್ರ, ಸೊಂಟ ಸಡಿಲವಾದಾಗಲೆಲ್ಲ ತನ್ನ ಪ್ಯಾಂಟನ್ನು ತಾನೇ ಬಿಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಒಂದು ಬೆರಳು ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದ. ಕೆಲಸ ಬಹಳ ಚೊಕ್ಕಟ. ಹೊಲಿಗೆ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷದಲ್ಲಿ ನಾಲ್ಕು ಸಲ ಹಿಡಿದ.

ಮೂಗಿನ ಡಾಕ್ಟರು ಮೊದಲ ವರ್ಷ ಕಾಯಿರಿ ಎಂದರು, ಎರಡನೇ ವರ್ಷ ರೂಢಿ ಮಾಡಿಕೊಳ್ಳಿ ಎಂದರು. ನಡುವೆ ಒಂದು ಒಳ್ಳೆಯ ಮಾತನ್ನೂ ಹೇಳಿದರು. ಖಾರ ಎನ್ನುವುದು ರುಚಿಯಲ್ಲ, ಉರಿ. ಅದು ಮಿದುಳಿಗೆ ಹೋಗುವ ದಾರಿ ಬೇರೆ. ಆದ್ದರಿಂದ ಖಾರ ಇವರಿಗೆ ತಿಳಿಯುತ್ತದೆ, ಹಾಗಂತ ಅತಿ ಮಾಡಬೇಡಿ. ಕೊನೆಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ನಮ್ಮ ಬಳಗದಲ್ಲಿ ಎರಡು ಮೆಣಸಿನಕಾಯಿಗಳಿಗೆ ಹೆಸರು. ಒಂದು ಸಿರುಗುಪ್ಪದ ಕಡೆ ಹಚ್ಚೊಳ್ಳಿಯಲ್ಲಿ ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ ಬೆಳೆಯುವ ಉದ್ದನೆಯ ಸುಕ್ಕು ಮೆಣಸಿನಕಾಯಿ. ದಪ್ಪ ತೊಗಲು, ಒಳ್ಳೆಯ ಬಣ್ಣ. ಖಾರ ಮಾತ್ರ ಮಗುವಿಗೂ ಕೊಡಬಹುದು. ಇನ್ನೊಂದು ಕುರುಗೋಡಿನಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆಯ ಬಚ್ಚಲಿನ ಹಿಂದಿರುವ ಚಿಕ್ಕ ಮೆಣಸಿನಕಾಯಿ. ಉಗುರಿನಷ್ಟು ಉದ್ದ, ಆಕಾಶ ನೋಡಿಕೊಂಡು ನಿಲ್ಲುತ್ತದೆ, ಕಚ್ಚಿದರೆ ಕಿವಿಯಲ್ಲಿ ಗಂಟೆ ಬಾರಿಸುತ್ತದೆ. ಅಪ್ಪನಿಗೆ ಎರಡನ್ನೂ ಕೊಟ್ಟು ನೋಡಿದೆ. ಮಾವನದು ರಟ್ಟು ಎಂದ. ಅತ್ತೆಯದಕ್ಕೆ ಕಣ್ಣಲ್ಲಿ ನೀರು ಬಂತು, ಆದರೆ "ಉರೀತೈತಿ ಖರೆ, ತಿಂದಂಗಾಗಂಗಿಲ್ಲ" ಎಂದ. ತಿಂದಂತೆಯೂ ಆಗಬೇಕು, ಉರಿಯಲೂ ಬೇಕು. ಹಾಗಾದರೆ ಎರಡನ್ನೂ ಕೂಡಿಸಿ ಒಂದು ಮೆಣಸಿನಕಾಯಿ ಮಾಡೋಣ ಎಂದುಕೊಂಡೆ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಇಂಥ ಧೈರ್ಯ ಬೇಗ ಬರುತ್ತದೆ, ಚೀಟಿ ಅಂಟಿಸುವವರಿಗೂ.

ತೊಂದರೆ ಏನೆಂದರೆ, ಹಚ್ಚೊಳ್ಳಿಗೂ ಕುರುಗೋಡಿಗೂ ಮಾತಿಲ್ಲ. ಅಪ್ಪ ಅವ್ವನ ಮದುವೆಯ ಊಟದಲ್ಲಿ ಕುರುಗೋಡಿನವರು ಕುಳಿತ ಸಾಲಿಗೆ ತುಪ್ಪ ಬರಲಿಲ್ಲವಂತೆ. ತುಪ್ಪದ ಪಾತ್ರೆ ಹಿಡಿದಿದ್ದವನು ಮಾವ. ಖಾಲಿಯಾಗಿತ್ತು ಎಂದು ಮಾವ ಹೇಳುತ್ತಾನೆ. ಪಾತ್ರೆಯ ತಳದಲ್ಲಿ ತುಪ್ಪ ಹೊಳೆಯುತ್ತಿದ್ದದ್ದನ್ನು ನಾನೇ ಕಂಡೆ ಎಂದು ಅತ್ತೆ ಹೇಳುತ್ತಾಳೆ. ಇಂಥ ಎರಡು ಮನೆಗಳ ಗಿಡಗಳಿಗೆ ಸಂಬಂಧ ಬೆಳೆಸಲು ಹೊರಟವಳು ನಾನು.

ದೀಪಾವಳಿಗೆ ಮಾವನ ಹೊಲದಿಂದ ಒಂದು ಗಿಡವನ್ನು ಮಣ್ಣಿನ ಸಮೇತ ಕಿತ್ತು ತಂದು ಕುಂಡದಲ್ಲಿಟ್ಟೆ. ಆಮೇಲೆ ಮೊಬೈಲಿನಲ್ಲಿ ಕಲಿಯಲು ಕುಳಿತೆ. ಯಾವುದೋ ಹಿಮ ಬೀಳುವ ದೇಶದ ಒಬ್ಬ ಗಡ್ಡದ ಮನುಷ್ಯ ಮೆಣಸಿನ ಗಿಡವನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಹೇಗೆಂದು ತೋರಿಸುತ್ತಿದ್ದ. ಡಿಸೆಂಬರ್ ಬರುತ್ತಲೇ ಕೊಂಬೆಗಳನ್ನೆಲ್ಲ ಕತ್ತರಿಸಿ ಮೋಟು ಮಾಡಬೇಕು, ಬೇರು ತೊಳೆದು ಹೊಸ ಮಣ್ಣಿಗೆ ಹಾಕಬೇಕು, ಮನೆಯೊಳಗೆ ಮಂಕು ಬೆಳಕಿನಲ್ಲಿಟ್ಟು ಚಳಿಗಾಲ ದಾಟಿಸಬೇಕು. ನಾನು ಎಲ್ಲವನ್ನೂ ಕ್ರಮವಾಗಿ ಬರೆದುಕೊಂಡು ಅಪ್ಪನ ಮುಂದೆ ಕುಂಡ ಇಟ್ಟೆ. ಅಪ್ಪ ತನ್ನ ದೊಡ್ಡ ಕತ್ತರಿ ತಂದ. ಗಿಡ ಹೂ ತುಂಬಿಕೊಂಡಿತ್ತು. ಅವನು ಒಮ್ಮೆ ಗಿಡ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಹೇಳಿದ ಅಳತಿಗೆ ಕತ್ತರ್ಸೋದು ನನ್ನ ಕೆಲಸ," ಎಂದ. "ಅಳತಿ ತಪ್ಪಿದ್ರ ಅದು ನಿಂದು." ಕಾಂಡಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಾಲ್ಕೇ ಏಟಿಗೆ ಮೋಟು ಮಾಡಿದ. ಕಾರ್ಖಾನೆ ಬಿಟ್ಟು ಎಷ್ಟೋ ತಿಂಗಳ ಮೇಲೆ ಅವನ ಕೈ ಒಂದು ಕೆಲಸ ಮಾಡಿತ್ತು.

ಗಿಡವನ್ನು ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿಟ್ಟು ಹಳೆಯ ಕಂಬಳಿಯ ತುಂಡು ಸುತ್ತಿದೆ. ಮರುವಾರ ಟ್ರ್ಯಾಕ್ಟರಿನ ಸಾಮಾನು ಕೊಳ್ಳಲು ಬಳ್ಳಾರಿಗೆ ಬಂದ ಮಾವ ಮನೆಗೂ ಬಂದ. ಬಾಗಿಲು ತೆರೆದ ನನ್ನ ಮುಖ ನೋಡಿ, ಯಾರು ಹೋದರು ಎಂದು ಕೇಳಿದ. ಯಾರೂ ಹೋಗಿಲ್ಲ, ನಿನ್ನ ಗಿಡಕ್ಕೆ ಚಳಿಗಾಲ ದಾಟಿಸುತ್ತಿದ್ದೇನೆ ಎಂದು ಮೋಟು ತೋರಿಸಿದೆ. ಮಾವ ತೆಳು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಫ್ಯಾನು ಜೋರು ಮಾಡಿಕೊಂಡು, ಮೋಟನ್ನು ಬಹಳ ಹೊತ್ತು ನೋಡಿದ.

"ಚಳಿ ಎಲ್ಲೈತಿ ತೋರ್ಸವಾ, ನಾನೂ ನೋಡ್ತೀನಿ," ಎಂದ. "ಅಲ್ಲಿ ನಮ್ಮ ಹೊಲದಾಗ ಗಿಡ ಕಾಯಿಬಿಟ್ಟು ಬಗ್ಗ್ಯಾವ, ಹರ್ಯಾಕ ಆಳು ಸಿಗವಲ್ರು. ಇಲ್ಲಿ ನೀ ಅದರ ಕೈಕಾಲು ಕಡದು ಕಂಬಳಿ ಹೊಚ್ಚೀದಿ."

ಆ ಗಡ್ಡದವನಿಗೆ ಬಳ್ಳಾರಿ ಗೊತ್ತಿರಲಿಲ್ಲ, ನನಗಾದರೂ ಗೊತ್ತಿರಬೇಕಿತ್ತು. ನಮ್ಮೂರಲ್ಲಿ ಮೆಣಸಿನ ಗಿಡಕ್ಕೆ ಚಳಿಗಾಲವೇ ಹಬ್ಬ. ಸಾವು ಬರುವುದು ಬೇಸಿಗೆಯಲ್ಲಿ. ಕೋಟೆಗುಡ್ಡದ ಬಂಡೆ ಹಗಲೆಲ್ಲ ಕಾದು ರಾತ್ರಿಯೆಲ್ಲ ನಮ್ಮ ಓಣಿಗೆ ಉಸಿರು ಬಿಡುವ ಕಾಲದಲ್ಲಿ ಮಾಳಿಗೆಯ ಮೇಲೆ ಸೀರೆ ಒಣಹಾಕಿದರೆ ಒಂದು ತುದಿ ಹರವುವುದರೊಳಗೆ ಇನ್ನೊಂದು ತುದಿ ಒಣಗಿರುತ್ತದೆ. ದಾಟಿಸಬೇಕಾದದ್ದು ಆ ಕಾಲವನ್ನು. ಮೋಟು ಹೇಗೋ ಸಾಯದೆ ಉಳಿದು ಶಿವರಾತ್ರಿಯ ಹೊತ್ತಿಗೆ ಎರಡು ಚಿಗುರು ಬಿಟ್ಟಿತು. ಏಪ್ರಿಲಿನಲ್ಲಿ ಅದನ್ನು ಮನೆಯೊಳಗೆ ತಂದು ಕೂಲರ್ ಮುಂದೆ ಇಟ್ಟೆ. ಅಲ್ಲಿ ಆಗಲೇ ಅಪ್ಪ ಇದ್ದ.

ಆ ಬೇಸಿಗೆ ಇಬ್ಬರೂ ಒಂದೇ ಗಾಳಿಯಲ್ಲಿ ಕುಳಿತರು. ಇಬ್ಬರಿಗೂ ತೊಟ್ಟು ನೀರು, ಇಬ್ಬರಿಗೂ ಅರ್ಧ ಊಟ. ನಳಕ್ಕೆ ನೀರು ವಾರಕ್ಕೊಮ್ಮೆ ಬರುತ್ತಿದ್ದುದರಿಂದ ಅಕ್ಕಿ ತೊಳೆದದ್ದು ಗಿಡಕ್ಕೆ. ಕರೆಂಟು ಹೋದಾಗ ಅಪ್ಪ ಹಳೆಯ ಪಂಚಾಂಗದಿಂದ ತನಗೆ ಗಾಳಿ ಹಾಕಿಕೊಳ್ಳುತ್ತ ನಡುನಡುವೆ ಗಿಡಕ್ಕೂ ಒಂದೆರಡು ಸಲ ಬೀಸುತ್ತಿದ್ದ. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ. ನಾನು ತಾರೀಖು ಹಾಕಿ ಬರೆದುಕೊಂಡೆ.

ಶ್ರಾವಣದಲ್ಲಿ ಗಿಡ ಹೂ ಕಟ್ಟಿತು. ಕುರುಗೋಡಿಗೆ ಹೋಗಿ ಅತ್ತೆಯ ಗಿಡದ ಹೂಗಳನ್ನು ಒಂದು ರಕ್ತದ ಸೀಸೆಯಲ್ಲಿ, ಹೊಸದೇ, ತಂದೆ. ಕೆಲಸ ಕಷ್ಟದ್ದೇನಲ್ಲ. ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ತೆಗೆದುಬಿಡಬೇಕು. ಉಳಿದ ತುದಿಗೆ ಇನ್ನೊಂದು ಹೂವಿನ ಪುಡಿ ಸವರಬೇಕು. ಯಾವ ಹೂ ಎಂದು ಮರೆಯದಂತೆ ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ಅಲ್ಲಿ ಹೂ ಕೀಳುವಾಗಲೇ ಅತ್ತೆ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಹುಚ್ಚು ಹುಡುಗಿ, ಹೂವಿಗೆ ದಾರ ಕಟ್ಟಾಕ ಹೊತ್ತು ಗೊತ್ತು ನೋಡ್ತಿ, ನಿಂದು ಯಾವಾಗ?" ಎಂದಳು. ಆಮೇಲೆ ದನಿ ತಗ್ಗಿಸಿ, ಈ ವ್ಯವಹಾರದಲ್ಲಿ ನಾವು ಯಾವ ಕಡೆಯವರು ಎಂದು ವಿಚಾರಿಸಿದಳು. ಗಂಡಿನ ಕಡೆಯವರು ಎಂದೆ. ಮುಖ ಅರಳಿತು. ಅದೇ ಸುದ್ದಿಯನ್ನು ಫೋನಿನಲ್ಲಿ ಮಾವನಿಗೂ ಹೇಳಿದೆ. "ಅಂದ್ರ ಈ ಸಲಾನೂ ತುಪ್ಪ ನಾವ ಬಡಸ್ಬೇಕೇನು?" ಎಂದ.

ದಾರ ಕಟ್ಟಿದ್ದು ಹದಿನೇಳು ಹೂವಿಗೆ. ಹದಿನಾರು ಉದುರಿದವು. ಉಳಿದ ಒಂದು ಕಾಯಿ ದಸರೆಯ ಹೊತ್ತಿಗೆ ಕೆಂಪಾಯಿತು. ಅದರ ಬೀಜ ಹಾಕಿದರೆ ಐದು ಸಸಿ ಎದ್ದವು. ಒಂದನ್ನು ಇಲಿ ತಿಂದಿತು, ಒಂದಕ್ಕೆ ಎಲೆ ಮುರುಟುವ ರೋಗ ಬಂತು, ಎರಡು ಯಾವ ಕಾರಣವನ್ನೂ ಕೊಡದೆ ಮಲಗಿದವು. ಹೆತ್ತ ಗಿಡವೂ ನಾನು ಸಂತೋಷಕ್ಕೆ ಹೆಚ್ಚು ನೀರು ಹಾಕಿದ್ದರಿಂದ ಬೇರು ಕೊಳೆತು ಹೋಯಿತು. ಉಳಿದದ್ದು ಒಂದೇ ಸಸಿ. ಅದು ಸಂಕ್ರಾಂತಿಗೆ ಹೂ ಬಿಟ್ಟು ಮೂರು ಕಾಯಿ ಹಿಡಿಯಿತು. ಮಾವನ ಕಾಯಿ ನೆಲ ನೋಡುತ್ತದೆ, ಅತ್ತೆಯದು ಆಕಾಶ ನೋಡುತ್ತದೆ. ಇವು ಅಡ್ಡಕ್ಕೆ ಚಾಚಿಕೊಂಡು, ಎರಡು ಮನೆಯ ಜಗಳದಲ್ಲಿ ಬೆಳೆದ ಮಕ್ಕಳ ಹಾಗೆ, ಯಾವ ಕಡೆಗೂ ಸೇರದೆ ಗೋಡೆ ನೋಡುತ್ತಿದ್ದವು. ಹಣ್ಣಾದ ಮೇಲೆ ಕೊಯ್ದು, ತೊಟ್ಟಿಗೆ ಕೆಂಪು ದಾರ ಕಟ್ಟಿ, ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಲ್ಲಿ ಒಣಗಲು ಇಟ್ಟೆ. ಯುಗಾದಿಯ ದಿನ ಒಂದನ್ನು ಅರೆದು ಅಪ್ಪನಿಗೆ ಚಟ್ನಿ ಮಾಡುವುದು, ಬೀಜವನ್ನೆಲ್ಲ ತೆಗೆದಿಡುವುದು ಎಂದು ಲೆಕ್ಕ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿ, ಆಮೇಲೆ ಅಪ್ಪ ಅದಕ್ಕೂ "ಇತ್ತು" ಎಂದುಬಿಟ್ಟರೆ?

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಅವತ್ತು ನಾನು ಬಹಳ ಸಂತೋಷವಾಗಿದ್ದೆ. ಅದೇ ತಪ್ಪಾಯಿತು. ಲ್ಯಾಬಿನಿಂದ ಬಂದು, ಕಾಲು ತೊಳೆದು, ನಾಳಿನ ಚಟ್ನಿಯನ್ನು ನೆನೆಯುತ್ತ ಗೋಡೆಗೊರಗಿ ಕುಳಿತೆ. ಅವ್ವ ಬಂದು ನನ್ನ ಮುಖ ನೋಡಿದಳು. ಮತ್ತೊಮ್ಮೆ ನೋಡಿದಳು. "ಏನ್ ಮಕ ಆಗೈತಿ ನೋಡ್ಕೋ ಕನ್ನಡ್ಯಾಗ," ಎಂದಳು. "ಯಾರದೋ ಕೆಟ್ಟ ಕಣ್ಣು ತಾಗೈತಿ. ಅಮಾಸಿ ಐತಿ, ದಿಷ್ಟಿ ತಗೀತೀನಿ, ಕುಂದ್ರು."

ನಮ್ಮ ಕಡೆ ದೃಷ್ಟಿ ತೆಗೆಯುವುದೆಂದರೆ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಮನುಷ್ಯನ ಸುತ್ತ ಮೂರು ಸಲ ನಿವಾಳಿಸಿ, ಕೆಂಡಕ್ಕೆ ಹಾಕುವುದು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ, ಯಾರೂ ಕೆಮ್ಮಲಿಲ್ಲ ಎಂದರೆ ದೃಷ್ಟಿ ಬಹಳ ತಾಗಿತ್ತು ಎಂದರ್ಥ. ಘಾಟು ಬಂದರೆ ದೃಷ್ಟಿ ಇರಲಿಲ್ಲ. ಇದು ನಮ್ಮ ಮನೆಯ ಲ್ಯಾಬ್ ಪರೀಕ್ಷೆ, ರಿಪೋರ್ಟು ಕೂಡಲೇ ಸಿಗುತ್ತದೆ. ನಾನು ಕಣ್ಣು ಮುಚ್ಚಿ ಕುಳಿತೆ. ಅವ್ವ ಅಡುಗೆಮನೆಗೂ ಕಿಟಕಿಗೂ ಓಡಾಡಿದ ಸದ್ದು ಕೇಳಿಸಿತು. ತೆಂಗಿನ ಚಿಪ್ಪಿನ ಕೆಂಡ ಬಾಣಲೆಯಲ್ಲಿ ಬಂತು. ನಾಯಿ ಕಣ್ಣು, ನರಿ ಕಣ್ಣು, ಓಣಿಯವರ ಕಣ್ಣು ಎಂದು ಗೊಣಗುತ್ತ ನಿವಾಳಿಸಿದಳು. ಚಟಪಟ ಎಂದು ಉಪ್ಪು ಸಿಡಿಯಿತು.

ಆಮೇಲೆ ಬಂದ ಘಾಟನ್ನು ಹೇಗೆ ಬರೆಯಲಿ. ನಾನು ಕೆಮ್ಮಿದೆ, ಅವ್ವ ಕೆಮ್ಮಿ ಬಾಣಲೆಯನ್ನು ನೆಲಕ್ಕಿಟ್ಟಳು, ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿ ಕಿಟಕಿ ಮುಚ್ಚಿದರು. ಕೂಲರ್ ಮುಂದಿನ ಕುರ್ಚಿಯಲ್ಲಿ ಅಪ್ಪ ಎದೆ ಹಿಡಿದುಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಕಣ್ಣಲ್ಲಿ ಧಾರೆ ಸುರಿಸುತ್ತ ಕೆಮ್ಮುತ್ತಿದ್ದ. ನಾನು ಕಣ್ಣೊರೆಸಿಕೊಂಡು ಕೆಂಡ ನೋಡಿದೆ. ಅದರಲ್ಲಿ ಒಂದು ಕೆಂಪು ದಾರದ ತುದಿ ಉರಿಯುತ್ತಿತ್ತು.

ಅವ್ವನದು ತಪ್ಪು ಎನ್ನಲಾರೆ. ವರ್ಷದ ಖಾರ ಕುಟ್ಟಿಸುವ ಕಾಲ. ಮನೆಯಲ್ಲಿದ್ದ ಮೆಣಸಿನಕಾಯಿಯೆಲ್ಲ ಎರಡು ದಿನದ ಹಿಂದೆ ಗಿರಣಿಗೆ ಹೋಗಿ ಪುಡಿಯಾಗಿ ಬಂದಿತ್ತು. ಇಡೀ ಮೆಣಸಿನಕಾಯಿ ಎಂದು ಮನೆಯಲ್ಲಿ ಉಳಿದದ್ದು ಕಿಟಕಿಯಲ್ಲಿದ್ದ ಆ ಮೂರೇ. ಅದೂ ಸರಿಯಾಗಿ ಮೂರು, ಅದೂ ಕೆಂಪು ದಾರ ಕಟ್ಟಿದ್ದು. ದೃಷ್ಟಿಗೇ ಎಂದು ನಾನೇ ತಯಾರು ಮಾಡಿ ಇಟ್ಟಿರಬೇಕು ಎಂದುಕೊಂಡಳಂತೆ. ಒಂದೂವರೆ ವರ್ಷದ ಕೆಲಸ, ಬೀಜ ಸಮೇತ, ನನ್ನ ಮುಖದ ಸಲುವಾಗಿ ಸುಟ್ಟುಹೋಯಿತು.

ನಾನು ಎಲ್ಲವನ್ನೂ ಹೇಳಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನಿಂತಳು. ಅಪ್ಪ ನೀರು ಕುಡಿದು, ಮುಖ ಒರೆಸಿಕೊಂಡು, ತಣ್ಣಗಾಗುತ್ತಿದ್ದ ಬಾಣಲೆಯನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ವಾಸನೆ ಬಂತಾ ಅಪ್ಪಾ ಎಂದೆ.

"ಇಲ್ಲ," ಎಂದ. "ನಿನ್ನ ಸಮಾಧಾನಕ್ಕ ಸುಳ್ಳು ಯಾಕ ಹೇಳ್ಲಿ. ವಾಸನಿ ಬರ್ಲಿಲ್ಲ." ಇನ್ನೊಂದು ಗುಟುಕು ನೀರು ಕುಡಿದ. "ಆದ್ರ ಭಾಳ ದಿನದ ಮ್ಯಾಲೆ ಯಾರೋ ಬಾಗ್ಲಾ ಬಡದಂಗಾತು." ತಂಬಿಗೆ ಕೆಳಗಿಟ್ಟು ಕೇಳಿದ: "ಇನ್ನೊಂದು ಐತೇನು?"

ಮೂರು ವರ್ಷದಲ್ಲಿ ಅಪ್ಪ ತಿನ್ನುವ ಒಂದು ವಸ್ತುವನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಇರಲಿಲ್ಲ. ಅವ್ವ ಮಾತ್ರ, ಮೆಣಸಿನಕಾಯಿ ಹೋದರೂ ಪರೀಕ್ಷೆಯ ಫಲಿತಾಂಶ ಬಿಟ್ಟುಕೊಡಲಿಲ್ಲ. ಇಷ್ಟು ಘಾಟು ಬಂತೆಂದರೆ ನನಗೆ ಯಾವ ದೃಷ್ಟಿಯೂ ತಾಗಿಲ್ಲ, ನನ್ನ ಮುಖ ಇರುವುದೇ ಹೀಗೆ ಎಂದು ಆ ರಾತ್ರಿಯೇ ತೀರ್ಮಾನವಾಯಿತು.

ಉಳಿದದ್ದು ಗಿಡ. ಬೇಸಿಗೆ ಬಾಗಿಲಿಗೆ ಬಂದಿತ್ತು. ಮಾಳಿಗೆಯ ಮೇಲೆ ಅದರ ಹೂಗಳು ದಿನಾ ಉದುರುತ್ತಿದ್ದವು. ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದ ಅಪ್ಪ, ನನ್ನನ್ನು ಕೇಳದೆ, ಕತ್ತರಿ ಹಿಡಿದು ಮೇಲೆ ಹೋದ. ಒಣಗಿದ ಕೊಂಬೆಗಳನ್ನು ಮಾತ್ರ ಅಳೆದು ಕತ್ತರಿಸಿ, ಕುಂಡವನ್ನು ಎದೆಗವಚಿಕೊಂಡು ಇಳಿದು ಬಂದು ಕೂಲರ್ ಮುಂದೆ ಇಟ್ಟು, ತನ್ನ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡ. ನಾನು ಸಂಜೆ ಪುಸ್ತಕ ಹಿಡಿದು ಗಿಡದ ಮುಂದೆ ಕುಳಿತೆ, ಹೂ ಎಣಿಸಲು. ಮರುದಿನ ಎರಡು ಹೂ ಉದುರಿದವು. ಮತ್ತೆ ಕುಳಿತೆ. ಮತ್ತೆ ಉದುರಿದವು. ಅಪ್ಪ ಅವ್ವನನ್ನು ಕರೆದು, ಗಿಡಕ್ಕೂ ಒಮ್ಮೆ ದೃಷ್ಟಿ ತೆಗೆಯಲು ಹೇಳಿದ. ಅಂಗಡಿಯಿಂದ ತಂದ ಮೆಣಸಿನಕಾಯಿ ನಿವಾಳಿಸಿ ಅವ್ವ ಕೆಂಡಕ್ಕೆ ಹಾಕಿದಳು. ಮೂವರೂ ಉಸಿರು ಬಿಗಿಹಿಡಿದು ಕಾದೆವು. ಘಾಟು ಬರಲೇ ಇಲ್ಲ. ಕೂಲರ್ ಜೋರಾಗಿ ತಿರುಗುತ್ತಿತ್ತು, ಹೊಗೆಯೆಲ್ಲ ಕಿಟಕಿಯಿಂದ ಹೊರಗೆ ಹೋಗಿತ್ತು, ಮೆಣಸಿನಕಾಯಿಯೂ ಬರೀ ಬಣ್ಣದ್ದು ಎಂದು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗಿಡಕ್ಕೆ ಭಾರೀ ದೃಷ್ಟಿ ತಾಗಿತ್ತು. ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ಅಂದಿನಿಂದ ನಾನು ಆ ಗಿಡದ ಎದುರಿಗೆ ಬರುವಂತಿಲ್ಲ. ಕೂಲರಿನ ಹಿಂದಿನಿಂದ ಅಡುಗೆಮನೆಗೆ ಹೋಗಬೇಕು. ಲೆಕ್ಕ ಬರೆಯಬೇಕಾದರೆ ಅಪ್ಪ ಹೇಳುತ್ತಾನೆ, ನಾನು ಆಚೆ ಕೋಣೆಯಲ್ಲಿ ಕುಳಿತು ಬರೆದುಕೊಳ್ಳುತ್ತೇನೆ. ಕೆಲವು ಹೂ ಉಳಿದಿವೆಯಂತೆ. ಒಂದು ಕಾಯಿ ಕಟ್ಟಿದ ಹಾಗಿದೆಯಂತೆ, ಇನ್ನೂ ಖಾತ್ರಿಯಿಲ್ಲವಂತೆ. ಅವನ ಪ್ಯಾಂಟಿನ ಸೊಂಟ ಈಗಲೂ ಸಡಿಲವೇ. ರೊಟ್ಟಿ ಇನ್ನೂ ಅರ್ಧವೇ.

ಮೊನ್ನೆ ರಾತ್ರಿ ಊಟವಾದ ಮೇಲೆ ಎಂದಿನಂತೆ ವರದಿ ಕೊಡುತ್ತಿದ್ದ. ಕಾಯಿ ಒಂದೇ, ಅಕ್ಕಿ ತೊಳೆದ ನೀರು ಒಂದು ತಂಬಿಗೆ, ಉದುರಿದ್ದು ಏನೂ ಇಲ್ಲ. ಅದೇ ವರದಿಯ ದನಿಯಲ್ಲಿ, "ಸಾರಿಗೆ ಉಪ್ಪು ಜಾಸ್ತಿ ಹಾಕ್ಯಾಳ ನಿಮ್ಮವ್ವ," ಎಂದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಜಾಸ್ತಿ ಆಗಿದ್ರ ಉಣಬಾರ್ದಿತ್ತು, ನೀರು ಹಾಕ್ಕೋಬೇಕಿತ್ತು, ನಾನೇನು ಅಳತಿ ಪಟ್ಟಿ ಇಟ್ಕೊಂಡು ಉಪ್ಪು ಹಾಕ್ಲೇನ್ರಿ?" ಎಂದು ಅವ್ವ ಶುರುಮಾಡಿದಳು. ಅಪ್ಪ ಬೇಳೆಯ ಬಗ್ಗೆಯೂ ಏನೋ ಹೇಳಿದ. ಜಗಳ ಬಹಳ ಹೊತ್ತು ನಡೆಯಿತು. ನಾನು ಆಚೆ ಕೋಣೆಯಲ್ಲಿ ಗೋಡೆಗೊರಗಿ, ಒಂದು ಮಾತೂ ಬಿಡದೆ ಬರೆದುಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಆದ ನೆನಪಿಲ್ಲ.

ಬೈದು ಬೈದು ಸುಸ್ತಾದ ಅವ್ವ ಒಳಗೆ ಬಂದಳು. ನನ್ನ ಮುಖ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಯಾಕವಾ? ಯಾರಿಗೇನಾತು?" ಎಂದಳು. ನಾನು ಏನೂ ಇಲ್ಲ ಎಂದು ನಕ್ಕೆ. ಅವಳು ಅಡುಗೆಮನೆಗೆ ಹೋಗಿ ಒಂದು ಮುಷ್ಟಿ ಉಪ್ಪು ತಂದಳು.